ಮನೆ ಸ್ವಿಮ್ಮಿಂಗ್ ಪೂಲ್‌ಗೆ ಕರೆಂಟ್ ಕಮ್ಮಿ ಎಳೆಯೋ ಪಂಪ್ ಆರಿಸೋದು ಹೇಗೆ: ಅಳತೆ, ಲೆಕ್ಕ, ಖರೀದಿ ಎಲ್ಲಾ ಒಂದೇ ಕಡೆ

ಪೂಲ್ ಕಟ್ಟಿಸೋವಾಗ ಟೈಲ್ಸ್ ಬಣ್ಣಕ್ಕೆ ಮನೆಮಂದಿಯೆಲ್ಲಾ ಕೂತು ಚರ್ಚೆ ಮಾಡ್ತಾರೆ, ಪಂಪ್ ವಿಷಯ ಬಂದ ತಕ್ಷಣ "ನೀವೇ ಒಳ್ಳೇದು ನೋಡಿ ಹಾಕ್ಬಿಡಿ" ಅಂತ ಕಾಂಟ್ರಾಕ್ಟರ್ ಕೈಗೆ ಬಿಟ್ಬಿಡ್ತಾರೆ. ಅವ್ರು ಹೇಳೋದು ಒಂದೇ: "ಒಂದೂವರೆ ಎಚ್‌ಪಿ ಹಾಕ್ಸ್ಬಿಡಿ ಸಾರ್, ಸೇಫು." ಸೇಫು ಅವ್ರಿಗೆ, ಯಾಕಂದ್ರೆ ನೀರು ಕೆಟ್ರೆ ಫೋನ್ ಬರೋದು ಅವ್ರಿಗೆ, ಕರೆಂಟ್ ಬಿಲ್ ಬರೋದು ನಿಮ್ಗೆ. ಬೆಂಗಳೂರಿನ ಸರ್ಜಾಪುರ, ದೇವನಹಳ್ಳಿ, ಕನಕಪುರ ರೋಡ್ ಕಡೆ ವಿಲ್ಲಾಗಳಲ್ಲಿ, ಚಿಕ್ಕಮಗಳೂರು ಕೊಡಗಿನ ಎಸ್ಟೇಟ್ ಮನೆಗಳಲ್ಲಿ ಇರೋ ಪೂಲ್‌ಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಸೈಜು, 30ರಿಂದ 60 ಸಾವಿರ ಲೀಟರ್ ಒಳಗೆ. ಅಷ್ಟಕ್ಕೆ ಒಂದೂವರೆ ಎಚ್‌ಪಿ ಬೇಕಾಗೋದು ಬಹಳ ಕಮ್ಮಿ.

ಈಗ ಇನ್ನೊಂದು ಹೊಸ ಮಾತು ಶುರುವಾಗಿದೆ, "ವೇರಿಯೇಬಲ್ ಸ್ಪೀಡ್ ಪಂಪ್ ಹಾಕಿ, 80 ಪರ್ಸೆಂಟ್ ಕರೆಂಟ್ ಉಳಿಯುತ್ತೆ" ಅಂತ, ಅಂದ್ರೆ ಬೇಕಾದಂಗೆ ವೇಗ ಏರಿಸಿ ಇಳಿಸೋಕಾಗೋ ಪಂಪ್. ಸುಳ್ಳಲ್ಲ. ಆದ್ರೆ ಆ 80 ಪರ್ಸೆಂಟ್ ಯಾವುದಕ್ಕೆ ಹೋಲಿಸಿ ಹೇಳ್ತಿರೋದು ಅಂತ ಕೇಳ್ಬೇಕು. ತಪ್ಪಾಗಿ ಆರಿಸಿದ, ತಪ್ಪಾಗಿ ಓಡಿಸ್ತಿರೋ ಹಳೇ ಪಂಪ್‌ಗೆ ಹೋಲಿಸಿ. ಆ ಉಳಿತಾಯದಲ್ಲಿ ದೊಡ್ಡ ಪಾಲು ನೀವು ಒಂದು ಪೈಸೆ ಖರ್ಚು ಮಾಡ್ದೇನೂ ಪಡ್ಕೋಬಹುದು, ಇನ್ನೊಂದಷ್ಟು ಸಣ್ಣ ಮಾಮೂಲಿ ಪಂಪ್‌ನಲ್ಲೇ ಸಿಗುತ್ತೆ, ಕೊನೇ ಚೂರಿಗೆ ಮಾತ್ರ ವೇರಿಯೇಬಲ್ ಸ್ಪೀಡ್ ಬೇಕು. ಯಾರಿಗೆ ಯಾವ್ದು ಅಂತ ನೋಡೋಕೆ ಈ ಗೈಡು. ಲೆಕ್ಕ ಇದೆ, ಆದ್ರೆ ಎಲ್ಲಾ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಮುಗಿಯೋ ಅಂಥದ್ದೇ.

ಸ್ಟೆಪ್ 1: ಪೂಲ್‌ನಲ್ಲಿ ಎಷ್ಟು ನೀರಿದೆ

ಉದ್ದ × ಅಗಲ × ಸರಾಸರಿ ಆಳ, ಮೂರೂ ಮೀಟರ್‌ನಲ್ಲಿ, ಬಂದಿದ್ದನ್ನ ಸಾವಿರದಿಂದ ಗುಣಿಸಿ, ಅದೇ ಲೀಟರ್. ಉದಾಹರಣೆಗೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ಕಡೆ 1.2 ಇನ್ನೊಂದು ಕಡೆ 1.6 ಮೀಟರ್ ಆಳ ಇದ್ರೆ ಸರಾಸರಿ 1.4, ಅಂದ್ರೆ 44,800 ಲೀಟರ್. 45 ಸಾವಿರ ಅಂತ ಇಟ್ಕೊಳ್ಳೋಣ, ಈ ಬರಹ ಪೂರ್ತಿ ಇದೇ ಪೂಲ್ ಇಟ್ಕೊಂಡೇ ಲೆಕ್ಕ ಹಾಕ್ತೀನಿ. ಡ್ರಾಯಿಂಗ್‌ನಲ್ಲಿ ಇರೋ ಆಳ ನಂಬ್ಬೇಡಿ, ಅದು ಕೋಪಿಂಗ್ ಕಲ್ಲಿನಿಂದ (ಪೂಲ್ ಅಂಚಿನ ಮೇಲಿನ ಕಲ್ಲು) ತೆಗೆದ ಅಳತೆ ಇರುತ್ತೆ, ನೀರು ನಿಲ್ಲೋದು ಅದಕ್ಕಿಂತ ಅರ್ಧ ಗೇಣು ಕೆಳಗೆ.

ಸ್ಟೆಪ್ 2: ದಿನಕ್ಕೆ ಎಷ್ಟು ನೀರು ತಿರುಗ್ಬೇಕು

ಪೂಲ್‌ನ ಅಷ್ಟೂ ನೀರು ಒಂದು ಸಲ ಫಿಲ್ಟರ್ ಮೂಲಕ ಹೋಗಿ ಬಂದ್ರೆ ಅದನ್ನ ಒಂದು ಟರ್ನ್‌ಓವರ್ ಅಂತಾರೆ. ಕಾಂಟ್ರಾಕ್ಟರ್‌ಗಳು 6 ಗಂಟೆಗೆ ಒಂದು ಟರ್ನ್‌ಓವರ್ ಅಂತ ಲೆಕ್ಕ ಹಾಕ್ತಾರೆ. ಅದು ಕ್ಲಬ್‌ಗೆ, ಅಪಾರ್ಟ್‌ಮೆಂಟ್‌ಗೆ ಸರಿ, ಅಲ್ಲಿ ದಿನಾ ನೂರು ಜನ ಇಳೀತಾರೆ. ಮನೇಲಿ ವಾರದ ದಿನ ಇಬ್ಬರು ಮಕ್ಕಳು, ಭಾನುವಾರ ನಾಲ್ಕು ಜನ ನೆಂಟರು. ಇಂಥ ಪೂಲ್‌ಗೆ ದಿನಕ್ಕೆ ಒಂದರಿಂದ ಒಂದೂವರೆ ಟರ್ನ್‌ಓವರ್ ಧಾರಾಳ ಸಾಕು. ನಮ್ಮ 45 ಸಾವಿರ ಲೀಟರ್ ಪೂಲ್‌ಗೆ ದಿನಕ್ಕೆ 60 ಸಾವಿರ ಲೀಟರ್ ತಿರುಗಿಸೋದು ಅಂತ ಗುರಿ ಇಟ್ಕೊಳ್ಳೋಣ.

ನೀರನ್ನ ಸ್ವಚ್ಛ ಇಡೋದು ಪಂಪ್ ಒಂದೇ ಅಲ್ಲ ಅನ್ನೋದು ನೆನಪಿರ್ಲಿ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಒಳಗೆ ಇಲ್ಲದಿದ್ರೆ 24 ಗಂಟೆ ಪಂಪ್ ಓಡ್ಸಿದ್ರೂ ನೀರು ಹಸಿರಾಗುತ್ತೆ. ಎಷ್ಟೋ ಮನೆಗಳಲ್ಲಿ ಕೆಮಿಕಲ್ ಸರಿ ಹಾಕ್ದೆ ಅದರ ಬದಲು ಪಂಪ್ ಓಡಿಸ್ತಿರ್ತಾರೆ, ಅದು ಪಂಪ್ ತಪ್ಪಲ್ಲ.

ಸ್ಟೆಪ್ 3: ಈಗಿರೋ ಪಂಪ್ ಎಷ್ಟು ಕರೆಂಟ್ ತಿನ್ನುತ್ತೆ, ಮೀಟರ್‌ನಲ್ಲೇ ನೋಡಿ

ಹೊಸ ಪೂಲ್ ಆದ್ರೆ ಈ ಸ್ಟೆಪ್ ಮತ್ತೆ ಮುಂದಿನದ್ದು ಬಿಟ್ಟು 5ಕ್ಕೆ ಹೋಗಿ. ಹಳೇ ಪಂಪ್ ಇದ್ರೆ ಮೊದ್ಲು ಇದನ್ನ ಮಾಡಿ, ನೇಮ್‌ಪ್ಲೇಟ್ ನೋಡಿ ಊಹೆ ಮಾಡ್ಬೇಡಿ. ಪಂಪ್ ಎಮ್‌ಸಿಬಿ ಒಂದು ಬಿಟ್ಟು ಮನೇದೆಲ್ಲಾ ಆಫ್ ಮಾಡಿ. ಕರೆಂಟ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ಲೈಟ್ ಮಿನುಗ್ತಾ ಇರುತ್ತೆ, ಅದರ ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತೆ ಅಂತ ಪ್ರಿಂಟ್ ಆಗಿರುತ್ತೆ, 3200 ಅಂತಲೋ 1600 ಅಂತಲೋ. ಮೊಬೈಲ್‌ನಲ್ಲಿ ಒಂದು ನಿಮಿಷ ವಿಡಿಯೋ ಮಾಡ್ಕೊಳಿ, ಆಮೇಲೆ ನಿಧಾನಕ್ಕೆ ಪ್ಲೇ ಮಾಡಿ ಎಣಿಸ್ಕೊಳಿ, ಕಣ್ಣಲ್ಲಿ ನೇರವಾಗಿ ಎಣಿಸೋಕೆ ಹೋದ್ರೆ ಲೆಕ್ಕ ತಪ್ಪುತ್ತೆ. ಬಂದ ಸಂಖ್ಯೆಯನ್ನ 60ರಿಂದ ಗುಣಿಸಿ, ಮೀಟರ್ ಮೇಲೆ ಪ್ರಿಂಟ್ ಆಗಿರೋ ಅಂಕಿಯಿಂದ ಭಾಗಿಸಿದ್ರೆ ಕಿಲೋವ್ಯಾಟ್ ಸಿಗುತ್ತೆ. 3200ರ ಮೀಟರ್ ನಿಮಿಷಕ್ಕೆ 80 ಸಲ ಮಿನುಗಿದ್ರೆ 1.5 ಕಿಲೋವ್ಯಾಟ್, ಅಂದ್ರೆ ಗಂಟೆಗೆ ಒಂದೂವರೆ ಯೂನಿಟ್.

ಇಲ್ಲಿ ಒಂದು ವಿಷ್ಯ ಬಹಳ ಜನಕ್ಕೆ ಗೊತ್ತಿರಲ್ಲ. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್ ಅಂತ ಸ್ಕೂಲಲ್ಲಿ ಓದಿರ್ತೀವಿ, ಆದ್ರೆ ಅದು ಮೋಟ್ರಿನ ಶಾಫ್ಟ್‌ನಿಂದ ಹೊರಗೆ ಬರೋ ಶಕ್ತಿ. ಚಿಕ್ಕ ಸಿಂಗಲ್ ಫೇಸ್ ಮೋಟ್ರುಗಳು 60-70 ಪರ್ಸೆಂಟ್ ದಕ್ಷತೆಯಲ್ಲಿ ಓಡೋದ್ರಿಂದ ಒಂದು ಎಚ್‌ಪಿ ಪಂಪ್ ಮೀಟರ್‌ನಿಂದ ಎಳೆಯೋದು ಒಂದು ಕಿಲೋವ್ಯಾಟ್‌ಗೂ ಮೇಲೆ. ಯುರೋಪ್ ಬ್ರ್ಯಾಂಡ್ ಪಂಪ್‌ಗಳ ಪ್ಲೇಟ್ ಮೇಲೆ ಪಿ1, ಪಿ2 ಅಂತ ಎರಡು ಅಂಕಿ ಇರುತ್ತೆ, ಪಿ1 ಅಂದ್ರೆ ಎಳೆಯೋದು, ಪಿ2 ಅಂದ್ರೆ ಶಾಫ್ಟ್‌ಗೆ ಕೊಡೋದು. ನೀವು ಹೋಲಿಸ್ಬೇಕಾಗಿರೋದು ಪಿ1. ಎಚ್‌ಪಿ ಮರ್ತುಬಿಡಿ.

ನಮ್ಮ ಉದಾಹರಣೆಯಲ್ಲಿ 1.5 ಕಿಲೋವ್ಯಾಟ್ ಎಳೆಯೋ ಒಂದೂವರೆ ಎಚ್‌ಪಿ ಪಂಪ್ ದಿನಕ್ಕೆ 8 ಗಂಟೆ ಓಡಿದ್ರೆ 12 ಯೂನಿಟ್, ತಿಂಗಳಿಗೆ 360. ಟ್ಯಾಕ್ಸ್ ಗೀಕ್ಸ್ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಕೊಂಡ್ರೆ 2,520 ರೂಪಾಯಿ ಬರೀ ಪಂಪ್‌ಗೆ. ಗೃಹಜ್ಯೋತಿ ಆಸೆ ಇದ್ದೋರಿಗೆ ಅದೂ ಹೋಯ್ತು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಬೇಕು, ಈ ಪಂಪ್ ಒಂದೇ ಆ ಗೆರೆ ದಾಟಿಸುತ್ತೆ. (ಪೂಲ್ ಇರೋರಿಗೆ ಗೃಹಜ್ಯೋತಿ ಯಾಕೆ ಅಂತ ಕೇಳ್ಬೇಡಿ, ಅದು ಬೇರೆ ಚರ್ಚೆ.)

ಸ್ಟೆಪ್ 4: ಅದು ನಿಜವಾಗ್ಲೂ ಎಷ್ಟು ನೀರು ತಳ್ಳುತ್ತೆ

ಫ್ಲೋ ಮೀಟರ್ ಇದ್ರೆ ಸುಲಭ, ಮನೆ ಪೂಲ್‌ಗಳಲ್ಲಿ ಯಾರೂ ಹಾಕ್ಸಿರಲ್ಲ. ಸ್ಟೀಲ್ ಸ್ಕೇಲ್ ಒಂದಿದ್ರೆ ಸಾಕು. ಹೇಗಿದ್ರೂ ವಾರಕ್ಕೋ ಹದಿನೈದು ದಿನಕ್ಕೋ ಬ್ಯಾಕ್‌ವಾಶ್ (ಫಿಲ್ಟರ್‌ನಲ್ಲಿ ನೀರು ಉಲ್ಟಾ ಹರಿಸಿ ಕೊಳೆ ಹೊರಗೆ ಬಿಡೋದು) ಮಾಡ್ತೀರಲ್ಲ, ಆವತ್ತೇ ಈ ಅಳತೆ ತಗೊಳ್ಳಿ, ಅದಕ್ಕಂತ ಬೇರೆ ನೀರು ಚೆಲ್ಲೋದು ಬೇಡ. ಪೂಲ್ ಒಳಗೆ ಯಾರೂ ಇರ್ಬಾರ್ದು, ಗಾಳಿ ಕಮ್ಮಿ ಇರೋ ಬೆಳಿಗ್ಗೆ ಹೊತ್ತು ಒಳ್ಳೇದು, ತಾನಾಗೇ ನೀರು ತುಂಬೋ ವಾಲ್ವ್ ಇದ್ರೆ ಬಂದ್ ಮಾಡಿ. ಟೈಲ್ಸ್‌ಗೆ ಸ್ಕೇಲ್ ಒತ್ತಿ ಹಿಡಿದು ನೀರಿನ ಮಟ್ಟ ಬರ್ಕೊಳಿ, ಮೂರು ನಿಮಿಷ ಬ್ಯಾಕ್‌ವಾಶ್ ಓಡ್ಸಿ, ಪಂಪ್ ನಿಲ್ಲಿಸಿ, ಅಲೆ ಕೂತ ಮೇಲೆ ಮತ್ತೆ ಮಟ್ಟ ನೋಡಿ.

8 × 4 ಮೀಟರ್ ಪೂಲ್ ಅಂದ್ರೆ 32 ಚದರ ಮೀಟರ್, ಒಂದು ಸೆಂಟಿಮೀಟರ್ ಇಳಿದ್ರೆ 320 ಲೀಟರ್ ಹೋಯ್ತು ಅಂತ. ಮೂರು ನಿಮಿಷಕ್ಕೆ 2.3 ಸೆಂಟಿಮೀಟರ್ ಇಳಿದ್ರೆ 736 ಲೀಟರ್, ಅಂದ್ರೆ ಗಂಟೆಗೆ ಹೆಚ್ಚುಕಮ್ಮಿ 15 ಸಾವಿರ ಲೀಟರ್. ಮಾಮೂಲಿ ಫಿಲ್ಟರ್ ಮೋಡ್‌ನಲ್ಲಿ ಸ್ವಲ್ಪ ಆಚೀಚೆ ಇರುತ್ತೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಆ ಬ್ಯಾಕ್‌ವಾಶ್ ನೀರನ್ನ ನೇರವಾಗಿ ಚರಂಡಿಗೆ ಬಿಡೋ ಬದಲು ಒಂದು ಡ್ರಮ್‌ಗೋ ಗುಂಡಿಗೋ ಬಿಟ್ಟು, ಎರಡು ದಿನ ಬಿಸಿಲಲ್ಲಿ ಇದ್ದು ಕ್ಲೋರಿನ್ ಹೋದ್ಮೇಲೆ ಗಿಡಕ್ಕೆ ಹಾಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಆಗಿ, ಪೂಲ್‌ಗೆ ಕುಡಿಯೋ ನೀರು ಹಾಕಬಾರ್ದು ಅಂತ ಜಲಮಂಡಳಿ ಆದೇಶ ಮಾಡಿ ದಂಡ ಹಾಕೋ ಮಟ್ಟಕ್ಕೆ ಹೋಗಿತ್ತು, ಮರೀಬೇಡಿ.

ಈಗ ನೋಡಿ, ಗಂಟೆಗೆ 15 ಸಾವಿರ ಲೀಟರ್, 8 ಗಂಟೆ ಓಡಿದ್ರೆ 1 ಲಕ್ಷ 20 ಸಾವಿರ ಲೀಟರ್. ನಮ್ಗೆ ಬೇಕಾಗಿದ್ದು 60 ಸಾವಿರ. ಟೈಮರ್ 4 ಗಂಟೆಗೆ ಇಳಿಸಿದ್ರೆ ಸಾಕು, ಬಿಲ್ 360 ಯೂನಿಟ್‌ನಿಂದ 180ಕ್ಕೆ ಬಂತು, ಖರ್ಚು ಸೊನ್ನೆ. ಒಂದೇ ದಿನ ಅರ್ಧ ಮಾಡ್ಬೇಡಿ, ವಾರಕ್ಕೆ ಒಂದು ಗಂಟೆ ಇಳಿಸ್ತಾ ನೀರು ನೋಡ್ತಾ ಹೋಗಿ. ಆಳದ ಕಡೆ ತಳದಲ್ಲಿರೋ ಮೇನ್ ಡ್ರೈನ್ ಜಾಲರಿಯ ಕಂಬಿಗಳು ಸ್ಪಷ್ಟ ಕಾಣ್ತಿರೋವರೆಗೂ ಸರಿ, ಮಸುಕಾಗೋಕೆ ಶುರುವಾದ್ರೆ ಒಂದು ಗಂಟೆ ವಾಪಸ್ ಏರಿಸಿ. ಮಾರ್ಚ್‌ನಿಂದ ಮೇ ತನಕ ಬಿಸಿಲು ಜಾಸ್ತಿ, ಜನಾನೂ ಜಾಸ್ತಿ ಇಳೀತಾರೆ, ಆಗ ಒಂದೆರಡು ಗಂಟೆ ಹೆಚ್ಚಿಗೆ ಬೇಕಾಗುತ್ತೆ.

ಸ್ಟೆಪ್ 5: ಹೆಡ್ ಲೆಕ್ಕ, ಇದೇ ಎಲ್ಲರೂ ಎಡವೋ ಜಾಗ

ನಮ್ಮ ಕಡೆ ಪಂಪ್ ಅಂದ್ರೆ ಬೋರ್‌ವೆಲ್ ತಲೆ, ಎಷ್ಟು ಅಡಿ ಮೇಲಕ್ಕೆ ಎತ್ತಬೇಕು ಅಂತ ಮೊದ್ಲು ಕೇಳ್ತಾರೆ. ಪೂಲ್‌ನಲ್ಲಿ ನೀರು ಮೇಲಕ್ಕೆ ಎತ್ತೋ ಕೆಲ್ಸನೇ ಇಲ್ಲ. ಪೂಲ್‌ನಿಂದ ಹೊರಟ ನೀರು ಸುತ್ತಿ ಅದೇ ಪೂಲ್‌ಗೆ ಬೀಳುತ್ತೆ, ಹೋಗಿದ್ದೂ ಬಂದಿದ್ದೂ ಒಂದೇ ಮಟ್ಟ. ಪಂಪ್ ಹೋರಾಡೋದು ಪೈಪ್, ಎಲ್ಬೋ, ವಾಲ್ವ್, ಫಿಲ್ಟರ್ ಮರಳು ಇವುಗಳ ಘರ್ಷಣೆ ಜೊತೆಗೆ ಮಾತ್ರ. ಆ ಘರ್ಷಣೆಯನ್ನ ಮೀರೋಕೆ ಬೇಕಾದ ಒತ್ತಡವನ್ನೇ ಮೀಟರ್ ಲೆಕ್ಕದಲ್ಲಿ ಹೆಡ್ ಅಂತಾರೆ. ಈ ಘರ್ಷಣೆಗೆ ಒಂದು ಗುಣ ಇದೆ, ನೀರಿನ ಹರಿವು ಅರ್ಧ ಆದ್ರೆ ಘರ್ಷಣೆ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತೆ. ಪೂಲ್ ಪಂಪ್‌ನಲ್ಲಿ ಕರೆಂಟ್ ಉಳಿಸೋ ಎಲ್ಲಾ ಉಪಾಯಗಳೂ ಈ ಒಂದು ಗುಣದ ಮೇಲೇ ನಿಂತಿರೋದು: ನಿಧಾನಕ್ಕೆ ಹರಿಸಿ, ಜಾಸ್ತಿ ಹೊತ್ತು ಹರಿಸಿ.

ಹಳೇ ಪೂಲ್‌ನಲ್ಲಿ ಹೆಡ್ ಅಳೆಯೋದು ಹೀಗೆ. ಬ್ಯಾಕ್‌ವಾಶ್ ಆದ ತಕ್ಷಣ, ಫಿಲ್ಟರ್ ಕ್ಲೀನ್ ಇರೋವಾಗ, ಮೇಲಿರೋ ಪ್ರೆಷರ್ ಗೇಜ್ ನೋಡಿ. ಒಂದು ಕೆಜಿ ಪ್ರೆಷರ್ ಅಂದ್ರೆ 10 ಮೀಟರ್ ಹೆಡ್, 0.9 ತೋರಿಸ್ತಿದ್ರೆ 9 ಮೀಟರ್. ಗೇಜ್ ಪಿಎಸ್‌ಐನಲ್ಲಿ ಇದ್ರೆ 0.7ರಿಂದ ಗುಣಿಸಿ. ಇದಕ್ಕೆ ಸಕ್ಷನ್ ಕಡೆಯ (ಪೂಲ್‌ನಿಂದ ಪಂಪ್‌ಗೆ ನೀರು ಬರೋ ಕಡೆ) ಎಳೆತ ಸೇರಿಸ್ಬೇಕು, ವ್ಯಾಕ್ಯೂಮ್ ಗೇಜ್ ಇಲ್ದಿದ್ರೆ 2ರಿಂದ 3 ಮೀಟರ್ ಅಂತ ಇಟ್ಕೊಳಿ. ನಮ್ಮ ಉದಾಹರಣೆಗೆ ಒಟ್ಟು 12 ಮೀಟರ್. ಪಂಪ್ ನಿಂತಿರೋವಾಗ ಗೇಜ್ ಮುಳ್ಳು ಸೊನ್ನೆಗೆ ಬರ್ತಿದ್ಯಾ ನೋಡಿ, ಬರ್ತಿಲ್ಲ ಅಂದ್ರೆ ಗೇಜ್ ಕೆಟ್ಟಿದೆ, ಕೆಲವು ನೂರು ರೂಪಾಯಿ ಅಷ್ಟೇ, ಮೊದ್ಲು ಬದಲಾಯಿಸಿ.

ಅಂದ್ರೆ ನಮ್ಮ ಪೂಲ್‌ನಲ್ಲಿ ಗಂಟೆಗೆ 15 ಸಾವಿರ ಲೀಟರ್ ಹರಿಸೋಕೆ 12 ಮೀಟರ್ ಹೆಡ್ ಬೇಕಾಯ್ತು. 10 ಸಾವಿರ ಹರಿಸೋಕೆ? 10ನ್ನ 15ರಿಂದ ಭಾಗಿಸಿ, ಬಂದಿದ್ದನ್ನ ಅದರಿಂದಲೇ ಗುಣಿಸಿ, 12ರಿಂದ ಗುಣಿಸಿ, 5.3 ಮೀಟರ್. 6 ಸಾವಿರಕ್ಕೆ 2 ಮೀಟರ್‌ಗೂ ಕಮ್ಮಿ. ಈ ಮೂರು ಬಿಂದು ಒಂದು ಹಾಳೆ ಮೇಲೆ ಬರ್ದಿಟ್ಕೊಳಿ, ಅಂಗಡಿಗೆ ಹೋಗೋವಾಗ ಬೇಕು.

ಹೊಸ ಪೂಲ್ ಆದ್ರೆ ಹೆಡ್ ನಿಮ್ಮ ಕೈಯಲ್ಲೇ ಇದೆ, ಪೈಪ್ ಇನ್ನೂ ಹೂತಿಲ್ಲ. ಇಲ್ಲಿ ಜಿಪುಣತನ ಮಾಡ್ಬೇಡಿ. 50 ಎಂಎಂ ಪೈಪ್ ಬದಲು 63 ಎಂಎಂ ಹಾಕಿದ್ರೆ ಅದೇ ಹರಿವಿಗೆ ಘರ್ಷಣೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಸಕ್ಷನ್ ಪೈಪ್‌ನಲ್ಲಿ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ದಾಟ್ಬಾರ್ದು ಅನ್ನೋದು ಒಳ್ಳೇ ಅಳತೆ, 50 ಎಂಎಂ ಪೈಪ್‌ನಲ್ಲಿ ಅದು ಗಂಟೆಗೆ ಎಂಟೂವರೆ ಸಾವಿರ ಲೀಟರ್‌ಗೇ ಮುಟ್ಟುತ್ತೆ, 63ರಲ್ಲಿ 13 ಸಾವಿರಕ್ಕೂ ಮೇಲೆ ಹೋಗ್ಬಹುದು. ಪಂಪ್ ಬಾಯಿಗೆ ಬರೋ ಮುಂಚೆ ಒಂದು ಅಡಿಯಾದ್ರೂ ನೇರ ಪೈಪ್ ಇರ್ಲಿ, ಎಲ್ಬೋನ ತಂದು ಪಂಪ್‌ಗೇ ಅಂಟಿಸೋದು ಪ್ಲಂಬರ್‌ಗಳ ಅಭ್ಯಾಸ, ಜಾಗ ಇಲ್ಲ ಸಾರ್ ಅಂತಾರೆ, ಜಾಗ ಮಾಡ್ಸಿ. ಶಾರ್ಟ್ ಎಲ್ಬೋ ಬದಲು ಲಾಂಗ್ ಬೆಂಡ್ ಕೇಳಿ. ಇಡೀ ಪೂಲ್‌ಗೆ ಪೈಪ್ ಸೈಜ್ ಏರಿಸೋ ಖರ್ಚು ಟೈಲ್ಸ್ ಖರ್ಚಿನ ಮುಂದೆ ಲೆಕ್ಕಕ್ಕೇ ಬರಲ್ಲ, ಆಮೇಲೆ ಬದಲಾಯಿಸ್ಬೇಕು ಅಂದ್ರೆ ಡೆಕ್ ಒಡೀಬೇಕು.

ಮೇನ್ ಡ್ರೈನ್ ಎರಡು ಇರ್ಲಿ, ಒಂದಕ್ಕೊಂದು ಮೂರಡಿ ದೂರ. ಒಂದೇ ಡ್ರೈನ್ ಇದ್ದು ದೊಡ್ಡ ಪಂಪ್ ಇದ್ರೆ ಮಕ್ಕಳ ಕೂದಲೋ ಕೈಯೋ ಅದಕ್ಕೆ ಸಿಕ್ಕಿ ಹಿಡ್ಕೊಳ್ಳೋ ಅಪಾಯ ನಿಜವಾದ್ದು. ಸಣ್ಣ ಪಂಪ್ ಇಲ್ಲೂ ಒಳ್ಳೇದೇ, ಆದ್ರೆ ಸಣ್ಣ ಪಂಪ್ ಇದೆ ಅಂತ ಒಡೆದ ಡ್ರೈನ್ ಕವರ್ ಹಾಗೇ ಬಿಡ್ಬೇಡಿ.

ಸ್ಟೆಪ್ 6: ಪಂಪ್ ಕರ್ವ್ ಕೇಳಿ, ಎಚ್‌ಪಿ ಕೇಳ್ಬೇಡಿ

ಅಂಗಡೀಲಿ ಒಂದು ಮಾತು ಹೇಳಿ: "ಕರ್ವ್ ಶೀಟ್ ಕೊಡಿ." ಅಡ್ಡಗೆರೆ ಮೇಲೆ ಹರಿವು, ಉದ್ದಗೆರೆ ಮೇಲೆ ಹೆಡ್, ಎಡದಿಂದ ಬಲಕ್ಕೆ ಇಳಿಯೋ ಒಂದು ಗೆರೆ. ನೀವು ಬರ್ಕೊಂಡು ಹೋದ ಬಿಂದುಗಳನ್ನ ಅದೇ ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಹಾಕಿ ಸೇರಿಸಿ, ಎರಡು ಗೆರೆ ಎಲ್ಲಿ ಕೂಡುತ್ತೋ ಅಲ್ಲೇ ಆ ಪಂಪ್ ನಿಮ್ಮ ಪೂಲ್‌ನಲ್ಲಿ ಓಡೋದು. ಪೆಂಟೇರ್, ಹೇವರ್ಡ್, ಆಸ್ಟ್ರಲ್‌ಪೂಲ್, ಇಮಾಕ್ಸ್ ಇಂಥ ದೊಡ್ಡ ಬ್ರ್ಯಾಂಡ್‌ಗಳ ಕರ್ವ್ ಅವರವರ ಕ್ಯಾಟಲಾಗ್‌ನಲ್ಲೇ ಇರುತ್ತೆ. ಕರ್ವೇ ಇಲ್ಲ ಅನ್ನೋ ಪಂಪ್ ಎಷ್ಟೇ ಅಗ್ಗ ಇದ್ರೂ ಬೇಡ.

ಅರ್ಧ ಎಚ್‌ಪಿ ಪಂಪ್ ಒಂದು 6 ಮೀಟರ್ ಹೆಡ್‌ನಲ್ಲಿ ಗಂಟೆಗೆ 10 ಸಾವಿರ ಲೀಟರ್ ಕೊಡುತ್ತೆ, ಕರೆಂಟ್ 550 ವ್ಯಾಟ್ ಎಳೆಯುತ್ತೆ ಅಂತ ಇಟ್ಕೊಳಿ. ನಮ್ಮ ಪೂಲ್‌ಗೆ 10 ಸಾವಿರಕ್ಕೆ 5.3 ಮೀಟರ್ ಸಾಕು, ಅಂದ್ರೆ ಆರಾಮಾಗಿ ಆಗುತ್ತೆ. ಒಂದೂವರೆ ಎಚ್‌ಪಿಯಿಂದ ಅರ್ಧಕ್ಕೆ ಇಳಿದ್ರೂ ಹರಿವು ಮೂರನೇ ಒಂದು ಭಾಗ ಮಾತ್ರ ಕಮ್ಮಿ ಆಯ್ತು, ಕರೆಂಟ್ ಮಾತ್ರ ಸುಮಾರು ಮೂರನೇ ಒಂದು ಭಾಗಕ್ಕೆ ಬಂತು. 6 ಗಂಟೆ ಓಡಿದ್ರೆ 60 ಸಾವಿರ ಲೀಟರ್, 3.3 ಯೂನಿಟ್, ತಿಂಗಳಿಗೆ ನೂರರ ಹತ್ರ, 700 ರೂಪಾಯಿ. 2,520ರಿಂದ ಶುರು ಮಾಡಿ ಇಲ್ಲಿಗೆ ಬಂದ್ವಿ, ಇನ್ನೂ ವೇರಿಯೇಬಲ್ ಸ್ಪೀಡ್ ಮಾತೇ ಎತ್ತಿಲ್ಲ.

ಪಂಪ್‌ಗಳನ್ನ ಹೋಲಿಸೋಕೆ ಒಂದೇ ಅಂಕಿ ಸಾಕು: ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಸಾವಿರ ಲೀಟರ್. ಹಳೇ ಒಂದೂವರೆ ಎಚ್‌ಪಿದು 10, ಅರ್ಧ ಎಚ್‌ಪಿದು 18, ವೇರಿಯೇಬಲ್ ಸ್ಪೀಡ್‌ನ ನಿಧಾನಕ್ಕೆ ಓಡಿಸಿದ್ರೆ 40 ಆಸುಪಾಸು. ಅಮೆರಿಕಾದಲ್ಲಿ 2021ರ ಜುಲೈ 19ರಿಂದ ಪೂಲ್ ಪಂಪ್‌ಗಳಿಗೆ ಬಂದ ಸರ್ಕಾರಿ ನಿಯಮದಲ್ಲಿ ಡಬ್ಲ್ಯುಇಎಫ್ ಅನ್ನೋ ಅಂಕಿ ಇದೆಯಲ್ಲ, ಅದೂ ಇದೇ, ಅವ್ರು ಲೀಟರ್ ಬದಲು ಸಾವಿರ ಗ್ಯಾಲನ್‌ನಲ್ಲಿ ಹೇಳ್ತಾರೆ ಅಷ್ಟೇ. ಇಂಪೋರ್ಟೆಡ್ ಪಂಪ್ ಡಬ್ಬದ ಮೇಲೆ ಡಬ್ಲ್ಯುಇಎಫ್ ಕಂಡ್ರೆ ಜಾಸ್ತಿ ಇದ್ದಷ್ಟೂ ಒಳ್ಳೇದು. ಡಲ್ಲಾಸ್‌ನಲ್ಲೋ ಸ್ಯಾನ್‌ಹೋಸೆನಲ್ಲೋ ಇರೋ ಭಾವ "ಇಲ್ಲಿ ಆಫರ್‌ನಲ್ಲಿ ಸಿಗ್ತಿದೆ, ತಂದ್ಕೊಡ್ಲಾ" ಅಂದ್ರೆ ಮಾತ್ರ ಹುಷಾರು, ಅಲ್ಲಿ ಕರೆಂಟ್ 60 ಹರ್ಟ್ಸ್, ಇಲ್ಲಿ 230 ವೋಲ್ಟ್ 50 ಹರ್ಟ್ಸ್. ಪ್ಲೇಟ್ ಮೇಲೆ 50/60 ಎರಡೂ ಬರ್ದಿಲ್ಲ ಅಂದ್ರೆ ತರಿಸ್ಬೇಡಿ. ವಾರಂಟಿನೂ ಇಲ್ಲಿ ನಡೆಯಲ್ಲ.

ಇನ್ನೊಂದು, ತೋಟದ ಮನೆಯೋರಿಗೆ. ಬಾವಿಗೆ ತಂದಿಟ್ಟ ಮಾನೋಬ್ಲಾಕ್ ಖಾಲಿ ಇದೆ ಅಂತ ಅದನ್ನೇ ಪೂಲ್‌ಗೆ ಸೇರಿಸೋದು ಬೇಡ. ಅದು ಎತ್ತರಕ್ಕೆ ತಳ್ಳೋಕೆ ಮಾಡಿದ್ದು, ಮುಂದೆ ಸ್ಟ್ರೈನರ್ ಬಾಸ್ಕೆಟ್ ಇರಲ್ಲ, ಎಲೆ ನೇರ ಇಂಪೆಲ್ಲರ್‌ಗೆ ಹೋಗುತ್ತೆ, ಬೀಡು ಕಬ್ಬಿಣದ ಬಾಡಿ ಕ್ಲೋರಿನ್ ನೀರಿಗೆ ತುಕ್ಕು ಹಿಡಿದು ಬಿಳಿ ಟೈಲ್ಸ್ ಮೇಲೆ ಕಂದು ಕಲೆ ಕೂರುತ್ತೆ. ಪೂಲ್ ಪಂಪ್ ಪ್ಲಾಸ್ಟಿಕ್ ಅಂತ ಮೂಗು ಮುರೀತಾರೆ ಕೆಲವರು, ಈ ಕೆಲಸಕ್ಕೆ ಪ್ಲಾಸ್ಟಿಕ್ಕೇ ಸರಿ.

ಸ್ಟೆಪ್ 7: ಫಿಲ್ಟರ್ ಜೊತೆ ತಾಳೆ ಹಾಕಿ

ಸಣ್ಣ ಪಂಪ್ ಹಾಕೋಕೆ ಮುಂಚೆ ಇದನ್ನ ನೋಡ್ಲೇಬೇಕು. ಸ್ಯಾಂಡ್ ಫಿಲ್ಟರ್‌ಗೆ ಮಾಮೂಲಿ ದಿನ ನಿಧಾನದ ಹರಿವು ಇದ್ದಷ್ಟೂ ಒಳ್ಳೇದು, ಕೊಳೆ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಬ್ಯಾಕ್‌ವಾಶ್‌ನಲ್ಲಿ ಮರಳನ್ನ ಎತ್ತಿ ಕದಡೋ ಅಷ್ಟು ಜೋರು ಬೇಕು. ಒಂದು ಚದರ ಮೀಟರ್ ಮರಳಿಗೆ ಗಂಟೆಗೆ 40ರಿಂದ 50 ಸಾವಿರ ಲೀಟರ್ ಅನ್ನೋದು ಲೆಕ್ಕ. 450 ಎಂಎಂ ಫಿಲ್ಟರ್‌ಗೆ ಅದು 8 ಸಾವಿರದ ಒಳಗೆ, 500ಕ್ಕೆ 10 ಸಾವಿರದ ಒಳಗೆ, 600ಕ್ಕೆ 14 ಸಾವಿರದವರೆಗೂ ಬೇಕು. ನಮ್ಮ ಅರ್ಧ ಎಚ್‌ಪಿ ಪಂಪ್ 500 ಎಂಎಂವರೆಗೂ ನಡೆಯುತ್ತೆ. 600 ಎಂಎಂ ಫಿಲ್ಟರ್ ಈಗಾಗ್ಲೇ ಕೂತಿದ್ರೆ ಮುಕ್ಕಾಲು ಎಚ್‌ಪಿಗೆ ಹೋಗಿ, ಇಲ್ಲಾಂದ್ರೆ ಮರಳು ತೊಳೆಯಲ್ಲ, ಒಳಗೆ ಗಂಟು ಕಟ್ಟುತ್ತೆ, ಆಮೇಲೆ ನೀರು ಒಂದೇ ಸಂದಿಯಲ್ಲಿ ಹರಿದು ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಸಾಲ್ಟ್ ಕ್ಲೋರಿನೇಟರ್ (ಉಪ್ಪಿನಿಂದ ಕ್ಲೋರಿನ್ ಮಾಡೋ ಯಂತ್ರ), ನೀರು ಬಿಸಿ ಮಾಡೋ ಹೀಟ್ ಪಂಪ್ ಇದ್ರೆ ಅವಕ್ಕೂ ಇಷ್ಟು ಹರಿವು ಇರ್ಲೇಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಅದಕ್ಕಿಂತ ಕಮ್ಮಿ ಆದ್ರೆ ಫ್ಲೋ ಸ್ವಿಚ್ ಬಂದ್ ಮಾಡಿಬಿಡುತ್ತೆ. ಮಹಡಿ ಮೇಲೆ ಸೋಲಾರ್ ಹೀಟಿಂಗ್ ಪ್ಯಾನೆಲ್ ಇದ್ರೆ ನೀರನ್ನ ಅಲ್ಲಿವರೆಗೂ ಎತ್ಬೇಕು, ಅದಕ್ಕೆ ಮೇನ್ ಪಂಪ್ ದೊಡ್ಡದು ಮಾಡೋದಕ್ಕಿಂತ ಬೇರೆ ಸಣ್ಣ ಪಂಪ್ ಒಂದು ಇಟ್ಟು ಬಿಸಿಲಿದ್ದಾಗ ಮಾತ್ರ ಓಡ್ಸೋದು ನನ್ನ ಪ್ರಕಾರ ಜಾಣತನ.

ಸ್ಟೆಪ್ 8: ವೇರಿಯೇಬಲ್ ಸ್ಪೀಡ್ ಬೇಕಾ ಬೇಡ್ವಾ

ಮಾಮೂಲಿ ಪಂಪ್ ನಿಮಿಷಕ್ಕೆ ಸುಮಾರು 2,900 ಸುತ್ತು, ಒಂದೇ ವೇಗ. ವೇರಿಯೇಬಲ್ ಸ್ಪೀಡ್‌ನಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಮೋಟ್ರು, ಮೇಲೆ ಒಂದು ಡ್ರೈವ್, ಬೇಕಾದ ವೇಗಕ್ಕೆ ಇಳಿಸ್ಬಹುದು. ವೇಗ ಅರ್ಧ ಆದ್ರೆ ಹರಿವು ಅರ್ಧ, ಹೆಡ್ ಕಾಲು, ಶಕ್ತಿ ಎಂಟನೇ ಒಂದು ಭಾಗ. ಇದು ಪುಸ್ತಕದ ಲೆಕ್ಕ, ನಿಧಾನ ವೇಗದಲ್ಲಿ ಡ್ರೈವ್, ಮೋಟ್ರು ಅಲ್ಪಸ್ವಲ್ಪ ತಿನ್ನೋದ್ರಿಂದ ನಿಜವಾಗಿ ಐದನೇ ಆರನೇ ಒಂದು ಭಾಗ ಅಂತ ಇಟ್ಕೊಳಿ, ಅದೂ ಭಾರೀ ಕಮ್ಮೀನೇ. ನಮ್ಮ ಪೂಲ್‌ನಲ್ಲಿ ಗಂಟೆಗೆ 6 ಸಾವಿರ ಲೀಟರ್‌ನಂತೆ 9 ಗಂಟೆ, 150 ವ್ಯಾಟ್‌ನಲ್ಲಿ, ಅದರ ಜೊತೆ ಅರ್ಧ ಗಂಟೆ ಫುಲ್ ಸ್ಪೀಡು ಮೇಲಿನ ಕಸ ಸ್ಕಿಮ್ಮರ್‌ಗೆ ಎಳೆಯೋಕೆ, ಎಲ್ಲಾ ಸೇರಿ ದಿನಕ್ಕೆ ಎರಡು ಯೂನಿಟ್ ಒಳಗೆ, ತಿಂಗಳಿಗೆ 60, ಸುಮಾರು 420 ರೂಪಾಯಿ.

ಸೇಲ್ಸ್‌ನವ್ರು 2,520ರ ಪಕ್ಕ ಈ 420 ಇಟ್ಟು ತೋರಿಸ್ತಾರೆ, ನೋಡಿದ ತಕ್ಷಣ ಚೆಕ್ ಬುಕ್ ತೆಗೀಬೇಕು ಅನ್ಸುತ್ತೆ. ನೀವು 700ರ ಪಕ್ಕ ಇಟ್ಟು ನೋಡಿ. ತಿಂಗಳಿಗೆ 280 ರೂಪಾಯಿ, ವರ್ಷಕ್ಕೆ 3,360 ಉಳಿಯೋದು. ಎರಡು ಪಂಪ್‌ಗಳ ಕೊಟೇಶನ್ ತಗೊಂಡು ವ್ಯತ್ಯಾಸವನ್ನ ಈ 3,360ರಿಂದ ಭಾಗಿಸಿ, ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಗೊತ್ತಾಗುತ್ತೆ. ವ್ಯತ್ಯಾಸ 40 ಸಾವಿರ ಇದ್ರೆ ಹತ್ತಿರತ್ತಿರ 12 ವರ್ಷ. ಅಷ್ಟರಲ್ಲಿ ಡ್ರೈವ್ ಬೋರ್ಡ್ ಒಂದ್ಸಲ ಸಿಡಿಲಿಗೆ ಹೋದ್ರೆ ಲೆಕ್ಕ ಮುಗೀತು. ಹಾಗಾಗಿ ಒಂದು ಪೂಲ್, ಒಂದು ಫಿಲ್ಟರ್, 50 ಸಾವಿರ ಲೀಟರ್ ಒಳಗೆ ಇರೋ ಮಾಮೂಲಿ ಮನೆಗೆ ನಾನು ಹೇಳೋದು ಸರಿಯಾದ ಸೈಜಿನ ಸಿಂಗಲ್ ಸ್ಪೀಡೇ.

ವೇರಿಯೇಬಲ್ ಸ್ಪೀಡ್ ನಿಜವಾಗಿ ದುಡಿಯೋ ಜಾಗಗಳು ಬೇರೆ ಇವೆ. ಪೂಲ್ 80 ಸಾವಿರ ಲೀಟರ್ ದಾಟಿದ್ರೆ. ಅಂಚಿನ ಮೇಲಿಂದ ನೀರು ಚೆಲ್ಲೋ ಇನ್ಫಿನಿಟಿ ಪೂಲ್ ಆದ್ರೆ, ನೆಂಟರು ಬಂದಾಗ ಜೋರಾಗಿ ಚೆಲ್ಲಬೇಕು, ಉಳಿದ ಹೊತ್ತು ಬರೀ ಫಿಲ್ಟರ್ ಆದ್ರೆ ಸಾಕು, ಒಂದೇ ಪಂಪ್ ಎರಡೂ ಮಾಡುತ್ತೆ. ಸಾಲ್ಟ್ ಕ್ಲೋರಿನೇಟರ್ ದಿನಕ್ಕೆ ಎಂಟ್ಹತ್ತು ಗಂಟೆ ಓಡ್ಲೇಬೇಕು ಅನ್ನೋ ಕಡೆ. ಹೋಮ್‌ಸ್ಟೇನಲ್ಲಿ, ಅಲ್ಲಿ ನೀರು ಯಾವಾಗ್ಲೂ ಪಳಪಳ ಇರ್ಬೇಕು, ಪಂಪ್ ದಿನವೆಲ್ಲಾ ಓಡುತ್ತೆ. ಆಮೇಲೆ ಸದ್ದು, ಪಂಪ್ ರೂಮ್ ಬೆಡ್‌ರೂಮ್ ಕಿಟಕಿ ಕೆಳಗೇ ಇದ್ರೆ ನಿಧಾನಕ್ಕೆ ಓಡೋ ಪಂಪಿನ ಬೆಲೆ ರಾತ್ರಿ ಹೊತ್ತು ಗೊತ್ತಾಗುತ್ತೆ, ಅದನ್ನ ಯೂನಿಟ್ ಲೆಕ್ಕದಲ್ಲಿ ಹೇಳೋಕಾಗಲ್ಲ. ಮತ್ತೆ ಈಗಿರೋ ಪೂಲ್‌ನಲ್ಲಿ 600, 700 ಎಂಎಂ ಫಿಲ್ಟರ್ ಕೂತಿದ್ದು ಬ್ಯಾಕ್‌ವಾಶ್‌ಗೆ ದೊಡ್ಡ ಪಂಪ್ ಇರ್ಲೇಬೇಕು ಅನ್ನೋ ಪರಿಸ್ಥಿತಿ ಇದ್ರೂ ಇದೇ ಸರಿಯಾದ ದಾರಿ, ದಿನವೆಲ್ಲಾ ನಿಧಾನ, ಬ್ಯಾಕ್‌ವಾಶ್ ಹೊತ್ತಿಗೆ ಫುಲ್.

ತಗೊಂಡ್ರೆ ಡ್ರೈವ್‌ನ ಕಾಪಾಡ್ಬೇಕು. ಎಸ್ಟೇಟ್ ಕಡೆ ವೋಲ್ಟೇಜ್ ಏರಿಳಿತ, ಮುಂಗಾರು ಮುಂಚಿನ ಗುಡುಗು ಸಿಡಿಲು ಎರಡೂ ಇದಕ್ಕೆ ಶತ್ರು, ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಹೊಸದಾಗಿ ಚೆಕ್ ಮಾಡ್ಸಿ. ಊರಲ್ಲೇ ಸರ್ವಿಸ್ ಮಾಡೋರು ಇದ್ದಾರಾ, ಬೋರ್ಡ್ ಬೇರೆ ಸಿಗುತ್ತಾ ಅಂತ ದುಡ್ಡು ಕೊಡೋಕೆ ಮುಂಚೆ ಕೇಳಿ. ಸಿಂಗಲ್ ಸ್ಪೀಡ್ ಮೋಟ್ರು ಸುಟ್ರೆ ಯಾವ ತಾಲ್ಲೂಕಿನಲ್ಲಾದ್ರೂ ವೈಂಡಿಂಗ್ ಅಂಗಡಿ ಇದೆ, ಬೋರ್ಡ್ ಸುಟ್ರೆ ಬೆಂಗಳೂರಿಗೆ ಕಳಿಸ್ಬೇಕು.

ಸ್ಟೆಪ್ 9: ಕೂರಿಸೋ ಜಾಗ

ನೀರಿನ ಮಟ್ಟಕ್ಕಿಂತ ಪಂಪ್ ಸ್ವಲ್ಪ ಕೆಳಗಿದ್ರೆ ಗಾಳಿ ಹಿಡಿಯೋ ತಾಪತ್ರಯ ಇಲ್ಲ. ಮೇಲೆ ಇಡೋದಾದ್ರೆ ಸಾಧ್ಯ ಆದಷ್ಟು ಪೂಲ್ ಪಕ್ಕಕ್ಕೇ ಇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿಯ ಒತ್ತಡ ಕಮ್ಮಿ, ಮಂಗಳೂರಿನಲ್ಲಿ ಎಳೆಯೋ ಪಂಪ್ ಇಲ್ಲಿ ಸುಮಾರು ಒಂದು ಮೀಟರ್ ಕಮ್ಮಿ ಎಳೆಯುತ್ತೆ. ಕೆಳಗೆ ಗುಂಡಿ ತೋಡಿ ಇಟ್ರೆ ಮಳೆ ನೀರು ಹೊರಗೆ ಹೋಗೋ ದಾರಿ ಮೊದ್ಲು ಮಾಡಿ, ಆಮೇಲೆ ಪಂಪ್ ಇಡಿ, ಜೋರು ಮಳೆ ಬಂದ ರಾತ್ರಿ ಮೋಟ್ರು ಮುಳುಗಿರೋ ಕೇಸುಗಳು ಪ್ರತೀ ವರ್ಷ ಬರ್ತವೆ. ಗಾಳಿ ಆಡ್ಲಿ, ಕ್ಲೋರಿನ್ ಡ್ರಮ್ ಆಸಿಡ್ ಕ್ಯಾನ್ ಅದೇ ರೂಮಲ್ಲಿ ಪಂಪ್ ಪಕ್ಕ ಇಡ್ಬೇಡಿ, ಆವಿಗೆ ತಾಮ್ರ ಎಲ್ಲಾ ಹಸಿರಾಗುತ್ತೆ. ಪಂಪ್‌ನ ಎರಡೂ ಕಡೆ ಯೂನಿಯನ್ (ಪೈಪ್ ಕತ್ತರಿಸ್ದೆ ಬಿಚ್ಚೋ ಜಾಯಿಂಟ್), ಎರಡೂ ಕಡೆ ಬಾಲ್ ವಾಲ್ವ್, ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪ್ ಆರ್‌ಸಿಸಿಬಿ. ಕೊನೇದು ಕರೆಂಟ್ ಉಳಿಸೋಕಲ್ಲ, ಜೀವ ಉಳಿಸೋಕೆ, ಇದರಲ್ಲಿ ರಾಜಿ ಇಲ್ಲ.

ಸ್ಟೆಪ್ 10: ಕೂರಿಸಿದ ದಿನ ಮಾಡ್ಬೇಕಾದ್ದು

ಪ್ಲಂಬರ್ ಹೋಗೋಕೆ ಮುಂಚೆ ಮೂರು ಅಂಕಿ ಬರ್ಕೊಂಡು ಪಂಪ್ ರೂಮ್ ಗೋಡೆ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೀರಿ: ಕ್ಲೀನ್ ಫಿಲ್ಟರ್‌ನಲ್ಲಿ ಗೇಜ್ ಎಷ್ಟು, ನಿಮಿಷಕ್ಕೆ ಮೀಟರ್ ಲೈಟ್ ಎಷ್ಟು ಸಲ ಮಿನುಗ್ತು, ಬ್ಯಾಕ್‌ವಾಶ್‌ನಲ್ಲಿ ಮೂರು ನಿಮಿಷಕ್ಕೆ ಎಷ್ಟು ಸೆಂಟಿಮೀಟರ್ ಇಳೀತು. ಬ್ಯಾಕ್‌ವಾಶ್ ಯಾವಾಗ ಮಾಡ್ಬೇಕು ಅಂತ ಕ್ಯಾಲೆಂಡರ್ ನೋಡೋದು ಬಿಟ್ಟು ಈ ಗೇಜ್ ನೋಡಿ. ಪಂಪ್ ದೊಡ್ಡದಿದ್ದಾಗ ಅರ್ಧ ಕೆಜಿ ಏರಿದ ಮೇಲೆ ಮಾಡಿ ಅಂತಾರೆ, ಸಣ್ಣ ಪಂಪ್‌ಗೆ ಅಷ್ಟು ಏರೋ ತಾಕತ್ತೇ ಇರಲ್ಲ, 0.2 ಏರಿದ್ರೆ ಮಾಡಿಬಿಡಿ. ಗೇಜ್ ಏರದೇ ಇಳಿದಿದ್ರೆ ಬಾಸ್ಕೆಟ್ ತುಂಬಿದೆ ಅಂತ, ಮೊದ್ಲು ಅದರ ಮುಚ್ಚಳ ತೆಗೆದು ಎಲೆ ಖಾಲಿ ಮಾಡಿ, ಮುಚ್ಚಳದ ಓ-ರಿಂಗ್‌ಗೆ ಸಿಲಿಕಾನ್ ಗ್ರೀಸ್ ಸವರಿ ಹಾಕಿ, ವ್ಯಾಸಲಿನ್ ಹಾಕಿದ್ರೆ ರಬ್ಬರ್ ಉಬ್ಬುತ್ತೆ. ಟೈಮರ್‌ನ ಎರಡು ಭಾಗ ಮಾಡಿ, ಬೆಳಿಗ್ಗೆ ಮೂರು ಗಂಟೆ ಹೊತ್ತು, ಮಧ್ಯಾಹ್ನದ ಮೇಲೆ ಮೂರು ಗಂಟೆ ಹೊತ್ತು, ಹಗಲಲ್ಲಿ ಓಡ್ಸಿದ್ರೆ ಕ್ಲೋರಿನ್ ಎಲ್ಲಾ ಕಡೆ ಬೆರೆಯುತ್ತೆ, ಮನೆ ಮೇಲೆ ಸೋಲಾರ್ ಪ್ಯಾನೆಲ್ ಇದ್ರೆ ಆ ಕರೆಂಟೂ ನೇರ ಬಳಕೆ ಆಗುತ್ತೆ. ಮರ ಪೂಲ್ ಮೇಲೆ ಬಾಗಿರೋ ಮನೆಗಳಲ್ಲಿ ಎಲೆ ಉದುರೋ ತಿಂಗಳು ಪಂಪ್ ಟೈಮ್ ಏರಿಸೋಕೆ ಹೋಗ್ಬೇಡಿ, ಬಲೆ ಕೋಲು ಹಿಡಿದು ಹತ್ತು ನಿಮಿಷ ಎಲೆ ತೆಗೆದ್ರೆ ಎರಡು ಗಂಟೆ ಪಂಪ್ ಓಡ್ಸಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತೆ.